ಒಂದು ರಾತ್ರಿ ಉಳಿಯುವ ಜಾಗ

ಅಬ್ಬಾಸಿಯಾ, ಕುವೈತ್
ಗುರುವಾರ, 17 ಏಪ್ರಿಲ್ 2025

ಪಾತುಮ್ಮಕ್ಕನಿಗೆ ಡೆಲ್ಮಾಳ ವಂದನೆಗಳು.

ನಾನು ಹೆನ್ರಿಯವರ ಮಗಳು. ಪ್ರತಿ ಗುರುವಾರ ಸಹಿ ಹಾಕಿಸುವ ಕಾಗದಗಳನ್ನು ಹಿಡಿದು ಸಲ್ವಾದಲ್ಲಿ ನೀವು ಕೆಲಸಕ್ಕಿರುವ ಮನೆಗೆ ಬರುತ್ತಾರಲ್ಲ, ಅವರ ಮಗಳು. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಆದರೆ ನೀವು ಅಡುಗೆಮನೆಯ ಬಾಗಿಲಿನಿಂದ ಅಪ್ಪನ ಕೈಗೆ ಕೊಡುವ ಪುಂಡಿ, ಕೋಳಿ ಗಸಿ ತಿಂದೇ ನನ್ನ ಮೊದಲ ವರ್ಷದ ಕಾಲೇಜು ಇಲ್ಲಿಯವರೆಗೆ ಬಂದಿದೆ.

ನನ್ನ ಕನ್ನಡಕ್ಕೆ ನಗಬೇಡಿ, ಪ್ಲೀಸ್. ಮನೆಯಲ್ಲಿ ಕೊಂಕಣಿ. ಮಂಗಳೂರಿನ ಹಾಸ್ಟೆಲ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಫೈನ್. ಕನ್ನಡ ಬರೀ ಥರ್ಡ್ ಲ್ಯಾಂಗ್ವೇಜ್. ಆದರೆ ನಿಮಗೆ ಇಂಗ್ಲಿಷ್ ಬಾರದು, ನನಗೆ ಬ್ಯಾರಿ ಬಾರದು, ನಿಮ್ಮ ಫೋನು ದಿನವಿಡೀ ಮೇಡಮ್ ಹತ್ತಿರ ಇರುತ್ತದಂತೆ. "ಪಾತುಮ್ಮಕ್ಕ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ಬರಿ, ಓದ್ತಾರೆ" ಎಂದು ಅಪ್ಪನೇ ಹೇಳಿದರು.

ವಿಷಯ ಏನೆಂದರೆ, ನಿಮ್ಮ ಮೇಡಮ್‌ನ ಮಗಳು ಮುನೀರಾ ನನ್ನ ಸೆಕ್ಷನ್‌ನಲ್ಲೇ ಇದ್ದಾಳೆ. ಜುಲೈನಲ್ಲಿ ಮನೆಯವರೆಲ್ಲ ಮೂರ್ನಾಲ್ಕು ದಿನ ಫ್ರಾನ್ಸಿನ ಯಾವುದಾದರೂ ಊರಿಗೆ ಹೋಗುತ್ತಾರಂತೆ. "ಡೆಲ್ಮಾ, ನೀನು ಎಲ್ಲವನ್ನೂ ಮೂರು ಸಲ ಚೆಕ್ ಮಾಡುವವಳು. ಯಾವ ಊರು, ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು, ಎಲ್ಲ ನೀನೇ ಬರೆದು ಕೊಡು, ವೀಸಾಕ್ಕೂ ಬೇಕು, ಯಲ್ಲಾ" ಎಂದಳು. ಅವಳ ಅಪ್ಪ ನನ್ನ ಅಪ್ಪನ ಕಫೀಲ್, ವೀಸಾ ಕೊಟ್ಟ ಧಣಿ. ನಾವು ಮೂವರು ಇಲ್ಲಿರಲು ಬೇಕಾದ ಇಕಾಮಾ ಅವರ ಸಹಿಯ ಮೇಲೆ ನಿಂತಿದೆ. ಇಲ್ಲ ಅನ್ನಲಿಕ್ಕೆ ಆಗುತ್ತದೆಯೇ?

ಅದಕ್ಕೇ ಕೇಳುತ್ತಿದ್ದೇನೆ. ಅವರೆಲ್ಲ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ? ತಪ್ಪು ಹೋಟೆಲ್ ಬರೆದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಎಂದು ನನಗೆ ಈಗಲೇ ಟೆನ್ಷನ್.

ಈ ಭಾನುವಾರ ನಮಗೆ ಈಸ್ಟರ್. ಆದರೂ ಬೆಳಿಗ್ಗೆ ಎಂಟಕ್ಕೆ ಕ್ಲಾಸಿದೆ. ಇಲ್ಲಿ ಪೂಜೆಯೂ ಶುಕ್ರವಾರ, ರಜೆಯೂ ಶುಕ್ರವಾರ. ಮೊದಮೊದಲು ಭಾನುವಾರ ಬ್ಯಾಗು ಹೆಗಲಿಗೆ ಹಾಕುವಾಗ ಪಾಪ ಮಾಡಿದ ಹಾಗೆ ಅನಿಸುತ್ತಿತ್ತು. ಈಗ ಏನೂ ಅನಿಸುವುದಿಲ್ಲ.

ಡಬ್ಬಿಯಲ್ಲಿ ಅಮ್ಮ ಕೇಕ್ ಇಟ್ಟಿದ್ದಾರೆ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಂತೆ.

ನಿಮ್ಮ
ಡೆಲ್ಮಾ

*

ಸಲ್ವಾ
24 ಏಪ್ರಿಲ್

ಡೆಲ್ಮಾ ಮಗಳೇ,

ನಿನ್ನ ಕನ್ನಡಕ್ಕೆ ನಗಲಿಲ್ಲ, ಅಕ್ಷರಕ್ಕೆ ನಕ್ಕೆ. ಬೆಲ್ಲದ ಡಬ್ಬದಿಂದ ಓಡಿಸಿದ ಇರುವೆಗಳ ಹಾಗೆ ಇದೆ. ಏನು ಹೆದರಿಕೆ ನಿನಗೆ?

ಕೇಳು. ಬಾಬಾ ಎಂದರೆ ಮನೆಯ ಯಜಮಾನರು, ಮೀನು ತಿನ್ನುತ್ತಾರೆ, ಮುಳ್ಳು ನಾವು ತೆಗೆದು ಕೊಡಬೇಕು. ಮುನೀರಾ ಫೋಟೋ ತೆಗೆಯುವಷ್ಟರಲ್ಲಿ ತಟ್ಟೆ ತಣ್ಣಗಾಗುತ್ತದೆ, ಆಮೇಲೆ ತಣ್ಣಗಿದೆ ಅನ್ನುತ್ತಾಳೆ. ಚಿಕ್ಕವನಿಗೆ ಆಲೂಗಡ್ಡೆ ಕರಿದು ಕೊಟ್ಟರೆ ಮುಗಿಯಿತು. ಮನೆಯ ಯಜಮಾನಿಯನ್ನು ನಾವು ಮಾಮಾ ಎನ್ನುವುದು. ಮಾಮಾ ಯಾರು ಮಾಡಿದ ಅಡುಗೆ ಎಂದು ತಿಳಿಯದೆ ಬಾಯಿಗೆ ಇಡುವವರಲ್ಲ. ನೀನು ಎಷ್ಟು ಹೋಟೆಲು ಬರೆದರೂ ರಾತ್ರಿ ಬಂದು ನನ್ನ ಕೈಯ ಅನ್ನ ಕೇಳುತ್ತಾರೆ. ಅದಕ್ಕಾಗಿಯೇ ನನ್ನನ್ನು ಕರೆದುಕೊಂಡು ಹೋಗುವುದು. ಒಲೆ ಇರುವ ಬಾಡಿಗೆ ಮನೆ ನೋಡು.

ಇನ್ನೊಂದು ಮಾತು ಬರೆಯಬೇಕು. ಬರೆಯಲೋ ಬೇಡವೋ ಎಂದು ಎರಡು ದಿನ ಪೆನ್ನು ಹಿಡಿದು ಕೂತೆ.

ನನ್ನ ಕರಾರು ಎರಡು ವರ್ಷದ್ದು. ಬಂದು ಆರು ವರ್ಷ ಆಯಿತು. ಮಾಮಾ ಹೊಡೆದವರಲ್ಲ, ಬೈದವರೂ ಅಲ್ಲ. ಊರಿಗೆ ಕಳಿಸಿ ಎಂದರೆ ನನ್ನ ಕೆನ್ನೆ ಮುಟ್ಟಿ "ನೀನಿಲ್ಲದೆ ಈ ಮನೆಯಲ್ಲಿ ಯಾರು ಊಟ ಮಾಡುತ್ತಾರೆ? ರಂಜಾನ್ ಕಳೆಯಲಿ" ಅನ್ನುತ್ತಾರೆ. ಪಾಸ್‌ಪೋರ್ಟು ಅವರ ಕಪಾಟಿನಲ್ಲಿ. ರಂಜಾನ್ ಬರುತ್ತದೆ, ಕಳೆಯುತ್ತದೆ.

ಮಗಳು ಸಾಯಿರಾಳ ಮದುವೆಯನ್ನು ಫೋನಿನಲ್ಲಿ ನೋಡಿದೆ. ಈಗ ಆಗಸ್ಟಿನಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ಚೊಚ್ಚಲು ತಾಯಿಯ ಮನೆಯಲ್ಲಿ ಆಗಬೇಕು, ನಲವತ್ತು ದಿನ ತಾಯಿಯ ಕೈಯ ಎಣ್ಣೆ, ಬಿಸಿನೀರು. ಅವಳು ಬಂದು ನಮ್ಮ ಮನೆಯಲ್ಲಿ ಇದ್ದಾಳೆ. ಮನೆಯಲ್ಲಿ ತಾಯಿ ಇಲ್ಲ. ಮಾಮಾನ ತಂಗಿಗೆ ಎರಡು ಬಾಣಂತನ ನಾನೇ ಮಾಡಿದೆ ಮಗಳೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಪಕ್ಕದ ಮನೆಯವರು ಮಾಡಬೇಕಾ?

ಇಲ್ಲಿ ಮನೆ ಬಿಟ್ಟು ಹೊರಗೆ ಕಾಲಿಟ್ಟರೆ ಓಡಿಹೋದವಳು ಎಂದು ಕೇಸು. ಪಕ್ಕದ ಮನೆಯ ಸಿಲೋನಿನ ಹೆಂಗಸು ಹೋಗಿ, ಊರನ್ನೂ ನೋಡದೆ ಲಾಕಪ್ಪಿನಲ್ಲಿ ಕೂತಳು. ಆದರೆ ಆ ಫ್ರಾನ್ಸಿನಲ್ಲಿ ಕಫೀಲ್ ಎಂಬುದು ಇಲ್ಲವಂತಲ್ಲ? ಅವರು ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು ಎಂದು ನೀನು ನೋಡುವಾಗ, ನನ್ನಂಥವಳು ಎಲ್ಲಿಗೆ ಹೋಗಿ ಬಾಗಿಲು ತಟ್ಟಬಹುದು ಎಂದೂ ಒಂದು ಕಣ್ಣು ನೋಡುತ್ತೀಯಾ?

ಓದಿ ಹರಿದು ಹಾಕು. ಕಾಗದವನ್ನು ಡಬ್ಬಿ ಸುತ್ತಿದ ಬಟ್ಟೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಪೊರ್ಬುಗಳಿಗೆ, ನಿನ್ನ ಅಪ್ಪನಿಗೆ, ತಿಳಿಯುವುದು ಬೇಡ. ಸಾಧು ಮನುಷ್ಯ.

ಇತಿ
ಕುಂಞಿಪಾತುಮ್ಮ

*

ಅಬ್ಬಾಸಿಯಾ
1 ಮೇ

ಪಾತುಮ್ಮಕ್ಕ,

ನಿಮ್ಮ ಕಾಗದವನ್ನು ಬಾತ್‌ರೂಮಿನಲ್ಲಿ ಕೂತು ಓದಿದೆ. ಹರಿದು ಫ್ಲಶ್ ಮಾಡಿದೆ. ಒಂದು ಚೂರು ಮತ್ತೆ ಮೇಲೆ ಬಂತು, "ಸಾಯಿರಾ" ಎಂದಿತ್ತು. ಇನ್ನೊಂದು ಸಲ ಫ್ಲಶ್ ಮಾಡಿದೆ. ಅಮ್ಮ ಹೊರಗಿನಿಂದ "ಹೊಟ್ಟೆ ಸರಿ ಇಲ್ಲವಾ?" ಎಂದು ಕೇಳಿದರು. ಅವರು ನರ್ಸು, ಮಾತ್ರೆ ನುಂಗಿಸದೆ ಬಿಡಲಿಲ್ಲ.

ನನ್ನಿಂದ ಆಗುವುದಿಲ್ಲ. ಸಾರಿ. ಗೊತ್ತಾದರೆ ಅಪ್ಪನ ಕೆಲಸ ಹೋಗುತ್ತದೆ, ನಮ್ಮನ್ನು ವಾಪಸ್ ಕಳಿಸುತ್ತಾರೆ. ಅಪ್ಪನಿಗೆ ಐವತ್ತಾರು. ನಾನು ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೆಟ್ಟಿಲು ಹತ್ತುವವಳು. ನೀವು ತಪ್ಪು ವ್ಯಕ್ತಿಯನ್ನು ಕೇಳಿದಿರಿ.

ಒಲೆ ಇರುವ ಮನೆ ನೋಡುತ್ತೇನೆ.

ಡೆಲ್ಮಾ

*

ಸಲ್ವಾ
8 ಮೇ

ಮಗಳೇ,

ಹೆದರಬೇಡ. ನೀನು ಏನೂ ಓದಿಲ್ಲ, ನಾನು ಏನೂ ಬರೆದಿಲ್ಲ. ಖಲಾಸ್.

ನಿನ್ನ ಅಮ್ಮನ ಉಪ್ಪಿನಕಾಯಿಗೆ ಮೆಂತೆ ಸ್ವಲ್ಪ ಜಾಸ್ತಿಯಾಗಿದೆ ಎಂದು ಹೇಳು. ಹೇಳಬೇಡ, ಬೇಸರ ಮಾಡಿಕೊಂಡಾರು.

ಕುಂಞಿಪಾತುಮ್ಮ

*

ಅಬ್ಬಾಸಿಯಾ
29 ಮೇ

ಪಾತುಮ್ಮಕ್ಕ,

ಮೂರು ಗುರುವಾರ ಡಬ್ಬಿಯಲ್ಲಿ ಕಾಗದ ಇಡಲಿಲ್ಲ. ನೀವು ಮಾತ್ರ ಪ್ರತಿ ಸಲ ಡಬ್ಬಿ ತುಂಬಿಸಿ ಕಳಿಸಿದಿರಿ. ನನ್ನ ಪಾಲನ್ನು ಅಮ್ಮನ ತಟ್ಟೆಗೆ ಹಾಕಿದೆ.

ಮುನೀರಾ ವೀಸಾಕ್ಕೆಂದು ಎಲ್ಲರ ಪಾಸ್‌ಪೋರ್ಟಿನ ಕಾಪಿ ನನಗೆ ಕಳಿಸಿದ್ದಾಳೆ. ಅದರಲ್ಲಿ ನಿಮ್ಮದೂ ಇದೆ. ನಿಮ್ಮ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಫೋಟೋದಲ್ಲಿ ನಗಬಾರದು ಎಂದು ಯಾರೋ ಹೇಳಿರಬೇಕು, ನೀವು ನಗುವನ್ನು ತಡೆದುಕೊಂಡ ಹಾಗಿದೆ.

ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಕಾಗದ ಬರೆಯಬೇಕಿತ್ತು. ಸಿಸ್ಟರ್ ಓದಿಯೇ ಅಂಚೆಗೆ ಹಾಕುತ್ತಿದ್ದರು. ಊಟ ಚೆನ್ನಾಗಿಲ್ಲ ಎಂದು ಬರೆದರೆ ಆ ಸಾಲಿನ ಮೇಲೆ ಕಪ್ಪು ಪೆನ್ನು. ಐದನೇ ಕ್ಲಾಸಿನಲ್ಲಿ ನನಗೆ ಟೈಫಾಯ್ಡ್ ಆಯಿತು. ನಾನು "ಆರಾಮಾಗಿದ್ದೇನೆ, ನೀವು ಹೇಗಿದ್ದೀರಿ" ಎಂದೇ ಬರೆದೆ. ಅಪ್ಪ ಅಮ್ಮ ಇಲ್ಲಿ ಕುವೈತಿನಲ್ಲಿ ಅದನ್ನು ಓದಿ ಆರಾಮಾಗಿದ್ದರು. ಬನ್ನಿ ಎಂದು ನಾನು ಬರೆಯಲೇ ಇಲ್ಲ. ನೀವು ಬರೆದಿರಿ. ಅದನ್ನೇ ನಾನು ಹರಿದು ಹಾಕಿದೆ.

ಊರು ಗೊತ್ತು ಮಾಡಿದ್ದೇನೆ. ಮಾರ್ಸೇಲ್. ಸಮುದ್ರದ ಊರು. ಮುನೀರಾ ನೀಸ್ ಬೇಕು ಎಂದಿದ್ದಳು. ಅಲ್ಲಿ ಬೀಚಿನಲ್ಲಿ ಬರೀ ಕಲ್ಲು, ಕಾಲಿಗೆ ಚುಚ್ಚುತ್ತದೆ ಎಂದೆ. ನಿಜವೇ, ಆದರೆ ಕಾರಣ ಅದಲ್ಲ. ಮಾರ್ಸೇಲ್‌ನಲ್ಲಿ ನಮ್ಮ ಸರ್ಕಾರದ ಕಾನ್ಸುಲೇಟ್ ಇದೆ. ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದವರು ಕಾಪಿ ತೋರಿಸಿದರೆ ಊರಿಗೆ ಹೋಗಲು ತಾತ್ಕಾಲಿಕ ಕಾಗದ ಕೊಡುತ್ತಾರೆ. ಮತ್ತೆ, ಆ ಊರಿನ ತುಂಬ ಅರಬಿ ಮಾತಾಡುವವರು ಇದ್ದಾರೆ, ಅಲ್ಜೀರಿಯಾದವರು, ಟ್ಯುನೀಷಿಯಾದವರು. ನಿಮ್ಮ ಅಡುಗೆಮನೆಯ ಅರಬಿ ಅಲ್ಲಿ ನಡೆಯುತ್ತದೆ.

ನಿಮ್ಮ ಪಾಸ್‌ಪೋರ್ಟಿನ ಕಾಪಿಯನ್ನು ಈ ಬಟ್ಟೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಪ್ರಿಂಟ್ ತೆಗೆಯುವಾಗ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ ಅನಿಸಿತು. ನೋಡುತ್ತಿರಲಿಲ್ಲ ಬಿಡಿ.

ನನ್ನ ಅಕ್ಷರ ಇನ್ನೂ ಹಾಗೆಯೇ ಇದೆ. ಇರುವೆಗಳು ಓಡುತ್ತಿದ್ದರೆ ಕ್ಷಮಿಸಿ.

ಡೆಲ್ಮಾ

*

ಸಲ್ವಾ
5 ಜೂನ್, ಹಬ್ಬದ ಮುಂಚಿನ ದಿನ

ಮಗಳೇ,

ಈ ಹೆಂಗಸು ಯಾರು ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ಸ್ಟೀಲ್ ಪಾತ್ರೆಯಲ್ಲಿ ನನ್ನ ಮುಖ ನೋಡಿಕೊಂಡು ಹೋಲಿಸಿದೆ. ಆರು ವರ್ಷದ ಹಿಂದೆ ನಾನು ಚಂದವೇ ಇದ್ದೆ.

ನಾಳೆ ಬಕ್ರೀದ್. ಮನೆ ತುಂಬ ನೆಂಟರು. ಈರುಳ್ಳಿ ಹೆಚ್ಚುತ್ತಾ ಅತ್ತರೆ ಯಾರೂ ಕೇಳುವುದಿಲ್ಲ, ಅದೊಂದು ಲಾಭ.

ನೀನು ಹೇಳಿದ ಹಾಗೆ ಮಾಡುತ್ತೇನೆ. ಎರಡು ಮಾತು ಕೇಳಬೇಕು. ನನಗೆ ರಸ್ತೆಯ ಹೆಸರು ಓದಲಿಕ್ಕೆ ಬಾರದು. ದಾರಿಯನ್ನು ಗುರುತು ಹೇಳಿ ಬರೆ, ಊರಿನಲ್ಲಿ ಅಶ್ವತ್ಥದ ಕಟ್ಟೆ, ಮಸೀದಿಯ ತಿರುವು ಅನ್ನುತ್ತೇವಲ್ಲ, ಹಾಗೆ.

ಎರಡನೆಯದು. ಒಂದು ವೇಳೆ ಆ ದಿನ ಬಾಗಿಲು ತೆರೆಯದಿದ್ದರೆ, ಅಥವಾ ನಾಳೆ ಬಾ ಎಂದರೆ, ಆ ಒಂದು ರಾತ್ರಿ ನಾನು ಎಲ್ಲಿ ಉಳಿಯಬೇಕು? ಹಗಲು ಎಲ್ಲಾದರೂ ಕಳೆಯುತ್ತದೆ. ಹೆಂಗಸಿಗೆ ರಾತ್ರಿಯೇ ಕಷ್ಟ.

ಕುಂಞಿಪಾತುಮ್ಮ

*

ಅಬ್ಬಾಸಿಯಾ
10 ಜುಲೈ

ಪಾತುಮ್ಮಕ್ಕ,

ವೀಸಾ ಬಂತು. ನಿಮ್ಮದೂ ಬಂತು. ಪರೀಕ್ಷೆಯ ಹಾಲ್‌ಟಿಕೆಟ್ಟಿಗೂ ನಾನು ಇಷ್ಟು ಮೊಂಬತ್ತಿ ಹಚ್ಚಿರಲಿಲ್ಲ.

ನೀವು ಗುರುವಾರ 17ಕ್ಕೆ ಸಂಜೆ ಮುಟ್ಟುತ್ತೀರಿ. ಹಳೆಯ ಬಂದರಿನ ಪಕ್ಕದಲ್ಲಿ ಮೂರನೇ ಮಾಳಿಗೆಯ ಮನೆ, ಒಲೆ ಇದೆ. ಸೋಮವಾರ ಬೆಳಕು ಹರಿಯುವ ಮೊದಲೇ ಏರ್‌ಪೋರ್ಟಿಗೆ ಕಾರು. ನಡುವೆ ಮೂರು ದಿನ.

ಶುಕ್ರ, ಶನಿ ಏನೂ ಮಾಡಬೇಡಿ. ಆ ಎರಡು ದಿನ ಆಫೀಸುಗಳಿಗೆ ರಜೆ. ಭಾನುವಾರ ಕೆಲಸದ ದಿನ, ಕಾನ್ಸುಲೇಟ್ ಬೆಳಿಗ್ಗೆಯೇ ತೆರೆಯುತ್ತದೆ. ಭಾನುವಾರಕ್ಕೆ ಮನೆಯವರೆಲ್ಲರಿಗೂ ದೋಣಿ ಬುಕ್ ಮಾಡಿದ್ದೇನೆ. ಬಿಳಿ ಬಂಡೆಗಳ ನಡುವೆ ಸಮುದ್ರದಲ್ಲಿ ಸುತ್ತಿಸಿ ಸಂಜೆ ತಂದು ಬಿಡುತ್ತಾರೆ. ನಿಮಗೆ ದೋಣಿ ಆಗುವುದಿಲ್ಲ, ವಾಂತಿ ಬರುತ್ತದೆ ಎಂದು ಈಗಿನಿಂದಲೇ ಹೇಳುತ್ತಾ ಇರಿ. ಪೆಟ್ಟಿಗೆ ಕಟ್ಟಲು ಮನೆಯಲ್ಲೇ ಬಿಡುತ್ತಾರೆ.

ಶುಕ್ರವಾರ ಬೆಳಿಗ್ಗೆ ಅವರನ್ನು ಕಾನ್ಸುಲೇಟ್ ಇರುವ ಬೀದಿಯ ಅಂಗಡಿಗಳಿಗೆ ಕಳಿಸುವ ಹಾಗೆ ಬರೆದಿದ್ದೇನೆ. ಜೊತೆಯಲ್ಲಿ ನಡೆದು ದಾರಿ ನೋಡಿಟ್ಟುಕೊಳ್ಳಿ. ಮನೆಯಿಂದ ಇಳಿದರೆ ಬಂದರು. ಬೆಳಿಗ್ಗೆ ಅಲ್ಲಿ ಮೀನಿನವರು ಮೇಜು ಹಾಕಿ ಕೂತಿರುತ್ತಾರೆ, ಜೀವ ಇರುವ ಮೀನು. ತಲೆ ಎತ್ತಿದರೆ ಗುಡ್ಡದ ಮೇಲೆ ಇಗರ್ಜಿ, ಅದರ ತುದಿಯಲ್ಲಿ ಚಿನ್ನದ ಬಣ್ಣದ ಮರಿಯಮ್ಮ. ಊರಿನ ಎಲ್ಲ ಕಡೆಯಿಂದಲೂ ಕಾಣುತ್ತಾಳೆ. ಅವಳನ್ನು ಬಲಕ್ಕೆ ಇಟ್ಟುಕೊಂಡು ಅಗಲದ ರಸ್ತೆಯಲ್ಲಿ ನೇರ ನಡೆಯಿರಿ. ನಮ್ಮ ಬಾವುಟ ಕಂಡ ಕಡೆ ನಿಲ್ಲಿ.

ದಾರಿಯಲ್ಲಿ ಹಸಿವಾದರೆ ಕಡಲೆ ಹಿಟ್ಟಿನಲ್ಲಿ ಕರಿದ ತುಂಡುಗಳು ಸಿಗುತ್ತವೆ. ಮಾಂಸ ಇಲ್ಲ, ಕಡಿಮೆ ಬೆಲೆ. ಅಮ್ಮನ ಪರ್ಸಿನಲ್ಲಿ ಉಳಿದಿದ್ದ ಇಪ್ಪತ್ತು ಯುರೋ ನೋಟು ಇಟ್ಟಿದ್ದೇನೆ, ಅವರ ಆಸ್ಪತ್ರೆಯ ಡಾಕ್ಟರ್ ಒಬ್ಬರು ಕೊಟ್ಟಿದ್ದಂತೆ.

ಒಂದು ರಾತ್ರಿ ಎಲ್ಲಿ ಉಳಿಯಬೇಕು ಎಂದು ಕೇಳಿದಿರಿ. ಬಾಗಿಲು ತೆರೆಯದೇ ಇರುವುದಿಲ್ಲ ಪಾತುಮ್ಮಕ್ಕ. ಮೂರು ಸಲ ಚೆಕ್ ಮಾಡಿದ್ದೇನೆ. ಒಳಗೆ ಹೋದ ಮೇಲೆ ಅವರೇ ನೋಡಿಕೊಳ್ಳುತ್ತಾರೆ. ನೀವು ಸುಮ್ಮನೆ ಟೆನ್ಷನ್ ಮಾಡಬೇಡಿ, ಅದಕ್ಕೆ ನಾನಿದ್ದೇನೆ.

ಈ ಡಬ್ಬಿಯನ್ನು ವಾಪಸ್ ಕಳಿಸಬೇಡಿ. ಇನ್ನು ನಿಮ್ಮ ಕೈಯಿಂದ ಡಬ್ಬಿ ಬರಬಾರದು ಎಂದು ನನ್ನ ಪ್ರಾರ್ಥನೆ.

ನಿಮ್ಮ
ಡೆಲ್ಮಾ

*

ಅಬ್ಬಾಸಿಯಾ
24 ಜುಲೈ

ಪ್ರೀತಿಯ ಪಾತುಮ್ಮಕ್ಕ,

ಈ ಸಲ ಬಟ್ಟೆಯ ಮಡಿಕೆ ಇಲ್ಲ, ಅಂಚೆ ಚೀಟಿ! ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ನಿಮ್ಮ ಊರಿನ ವಿಳಾಸ ಇತ್ತಲ್ಲ, ಅಲ್ಲಿಗೇ ಬರೆಯುತ್ತಿದ್ದೇನೆ. ಇದು ಮುಟ್ಟುವಾಗ ನೀವು ಬಿಸಿನೀರಿನ ಹಂಡೆಯ ಮುಂದೆ ಕೂತಿರುತ್ತೀರಿ.

ಸೋಮವಾರದಿಂದ ನನಗೆ ನಿದ್ದೆ ಇಲ್ಲ. ಅಪ್ಪನನ್ನು ಬೇಸಿಗೆ ಪೂರ್ತಿ ಸಬ್ಹಾನಿನ ಗೋದಾಮಿಗೆ ಹಾಕಿದ್ದಾರೆ, ಗುರುವಾರ ಸಲ್ವಾಕ್ಕೆ ಹೋಗುವುದಿಲ್ಲ. ಮುನೀರಾಳನ್ನು ನೇರ ಕೇಳುವ ಧೈರ್ಯ ಇಲ್ಲ. "ಟ್ರಿಪ್ ಹೇಗಿತ್ತು?" ಎಂದು ಮಾತ್ರ ಕೇಳಿದೆ. "ಸೂಪರ್" ಎಂದು ಬರೆದು ಫೋಟೋಗಳನ್ನು ಕಳಿಸಿದಳು. ಎಲ್ಲವನ್ನೂ ದೊಡ್ಡದು ಮಾಡಿ ನೋಡಿದೆ. ಬಂದರು, ದೋಣಿ, ಮಾಮಾನ ಹೊಸ ಚಪ್ಪಲಿ. ಕೊನೆಯ ರಾತ್ರಿ ಮೇಜಿನ ತುಂಬ ಹುರಿದ ಮೀನು, ಯಾವ ಹೋಟೆಲೋ, ನಾನು ಬರೆದು ಕೊಟ್ಟದ್ದಲ್ಲ. ಒಂದು ಫೋಟೋದಲ್ಲಿಯೂ ನೀವಿಲ್ಲ! ಒಂದರಲ್ಲಿಯೂ!

ನಾನು ರೂಮಿನ ಬಾಗಿಲು ಹಾಕಿಕೊಂಡು ಕುಣಿದೆ. ಹದಿನೆಂಟು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸ ಇದು, ಪಾತುಮ್ಮಕ್ಕ. ಈಗ ಲಿಫ್ಟಿನಲ್ಲಿ ಜನ ಇದ್ದರೂ ಹತ್ತುತ್ತೇನೆ.

ನೀವು ಊರಿಗೆ ಬಂದದ್ದು ಎಷ್ಟು ಒಳ್ಳೆಯದಾಯಿತು! ಸಾಯಿರಾಳಿಗೆ ನನ್ನ ಶುಭಾಶಯ. ಮಗು ಹುಟ್ಟಿದ ಮೇಲೆ ಒಂದು ಸಾಲು ಬರೆಯಿರಿ.

ನಿಮ್ಮ
ಡೆಲ್ಮಾ

*

ಸಲ್ವಾ
28 ಆಗಸ್ಟ್

ಮಗಳೇ,

ಪೊರ್ಬುಗಳು ಗೋದಾಮು ಮುಗಿಸಿ ಇವತ್ತಿನಿಂದ ಮತ್ತೆ ಇಲ್ಲಿಗೆ ಬರುತ್ತಾರಂತೆ. ಡಬ್ಬಿಯನ್ನು ನೋಡಿಯೇ ನಿನಗೆ ತಿಳಿದಿರುತ್ತದೆ. ಕಳಿಸುವುದೋ ಬೇಡವೋ ಎಂದು ತುಂಬ ಯೋಚಿಸಿದೆ. ನಿಮ್ಮ ಡಬ್ಬಿಯನ್ನು ಇಟ್ಟುಕೊಳ್ಳಲಿಕ್ಕೆ ಆಗುತ್ತದಾ?

ನಡೆದದ್ದನ್ನು ಬರೆಯುತ್ತೇನೆ. ನೀನು ಕೂತುಕೊಂಡು ಓದು.

ಶುಕ್ರವಾರ ಬೆಳಿಗ್ಗೆ ಚಿಕ್ಕವನನ್ನು ತಳ್ಳುಗಾಡಿಯಲ್ಲಿ ಕೂರಿಸಿ ಮಾಮಾನ ಹಿಂದೆ ನಡೆದೆ. ನಿನ್ನ ಗುರುತುಗಳೆಲ್ಲ ಸರಿ ಇದ್ದವು. ಮೀನಿನ ಮೇಜು, ಗುಡ್ಡದ ಮರಿಯಮ್ಮ, ಅಗಲದ ರಸ್ತೆ. ನಮ್ಮ ಬಾವುಟವೂ ಕಂಡಿತು. ಬಾಗಿಲು ತೆರೆದಿತ್ತು ಮಗಳೇ. ಒಬ್ಬ ಸರ್ದಾರ್ಜಿ ಕೈಯಲ್ಲಿ ಫೈಲು ಹಿಡಿದು ಒಳಗೆ ಹೋದ. ಸೀರೆ ಉಟ್ಟ ಹೆಂಗಸು ಹೊರಗೆ ಬಂದು ನನ್ನನ್ನು ನೋಡಿ ನಕ್ಕಳು. ಮಾಮಾ ಎದುರಿನ ಅಂಗಡಿಯಲ್ಲಿ ಚಪ್ಪಲಿ ನೋಡುತ್ತಿದ್ದರು. ಕಾಪಿ ನನ್ನ ಕುಪ್ಪಸದ ಒಳಗೇ ಇತ್ತು. ನೀನು ಶುಕ್ರವಾರ ರಜೆ, ಆದಿತ್ಯವಾರ ಹೋಗಿ ಎಂದು ಬರೆದಿದ್ದೆ. ಇವತ್ತು ಬೇರೇನಕ್ಕೋ ತೆರೆದಿರಬೇಕು ಎಂದುಕೊಂಡೆ. ಓದಿದ ಹುಡುಗಿ, ಮೂರು ಸಲ ನೋಡಿದ್ದಾಳೆ, ನನ್ನ ಕಣ್ಣಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ಚಿಕ್ಕವನು ನನ್ನ ಬೆರಳು ಹಿಡಿದಿದ್ದ. ಗಾಡಿಯನ್ನು ತಿರುಗಿಸಿದೆ.

ಆದಿತ್ಯವಾರ ಅವರು ದೋಣಿಗೆ ಹೋದರು. ಬೀಗದ ಕೈಯನ್ನು ಹೂಕುಂಡದ ಕೆಳಗೆ ಇಟ್ಟು ಇಳಿದೆ. ದಾರಿಯಲ್ಲಿ ಇಗರ್ಜಿಯ ಗಂಟೆ ಹೊಡೆಯುತ್ತಿತ್ತು. ಅಂಗಡಿಗಳಿಗೆಲ್ಲ ಕಬ್ಬಿಣದ ಬಾಗಿಲು. ಆಗಲೇ ನನಗೆ ಅಂದಾಜಾಗಬೇಕಿತ್ತು. ನಮ್ಮ ಊರಿನ ಪೇಟೆಯಲ್ಲಿಯೂ ನಿಮ್ಮವರ ಅಂಗಡಿ ಆದಿತ್ಯವಾರ ಮುಚ್ಚಿರುತ್ತದೆ. ಆರು ವರ್ಷ ಇಲ್ಲಿದ್ದು ನಾನೂ ಮರೆತೆ, ನೀನೂ ಮರೆತೆ.

ಬಾಗಿಲು ಹಾಕಿತ್ತು. ಬಾವುಟ ಇತ್ತು. ಮೆಟ್ಟಿಲ ಮೇಲೆ ಕೂತೆ. ನಾಯಿ ಹಿಡಿದು ಬಂದ ಅಲ್ಜೀರಿಯಾದ ಮುದುಕರೊಬ್ಬರು ಅರಬಿಯಲ್ಲಿ, "ಇವತ್ತು ಆದಿತ್ಯವಾರ ತಾಯಿ, ಯಾರೂ ಬರುವುದಿಲ್ಲ, ನಾಳೆ ಬಾ" ಎಂದರು. ಒಂದು ರಾತ್ರಿ ಉಳಿಯಲಿಕ್ಕೆ ಎಲ್ಲಿ ಜಾಗ ಸಿಗುತ್ತದೆ ಎಂದು ಕೇಳಿದೆ. ಹೋಟೆಲು ಇದೆ ಎಂದರು. ಪಾಸ್‌ಪೋರ್ಟ್ ಇದೆಯಾ ಎಂದು ಕೇಳಿದರು. ಕಾಪಿ ತೋರಿಸಿದೆ. ತಲೆ ಅಲ್ಲಾಡಿಸಿ ಒಂದು ರೊಟ್ಟಿಯ ತುಂಡು ಕೊಟ್ಟು ಹೋದರು.

ಮಧ್ಯಾಹ್ನ ದಾಟುವವರೆಗೆ ಕೂತೆ. ಪೊಲೀಸರ ಗಾಡಿ ಬಂದು ನಿಧಾನ ಮಾಡಿ ಹೋಯಿತು. ಎದುರಿನ ಕಟ್ಟೆಯಲ್ಲಿ ಕೂತ ಇಬ್ಬರು ಗಂಡಸರು ನನ್ನನ್ನೇ ನೋಡಲು ಶುರು ಮಾಡಿದರು. ಅಲ್ಲಾಹನೇ, ಒಂದೇ ಒಂದು ರಾತ್ರಿ. ಬೆಳಗಾದರೆ ಬಾಗಿಲು ತೆರೆಯುತ್ತದೆ. ಅಷ್ಟು ದೊಡ್ಡ ಊರಿನಲ್ಲಿ ಒಬ್ಬ ಹೆಂಗಸಿಗೆ ರಾತ್ರಿ ಕೂರಲಿಕ್ಕೆ ಒಂದು ಜಗಲಿ ನನಗೆ ಗೊತ್ತಿರಲಿಲ್ಲ. ನೀನು ಬರೆದಿರಲಿಲ್ಲ.

ಎದ್ದು ಬಂದೆ. ಹೂಕುಂಡದ ಕೆಳಗೆ ಬೀಗದ ಕೈ ಇತ್ತು. ಬಾಬಾ ತಂದಿಟ್ಟ ಮೀನನ್ನು ಹುರಿದೆ. ದೋಣಿಯಿಂದ ಬಂದವರು ಹಸಿದಿದ್ದರು. ಮಾಮಾ ನನ್ನ ಕೈಗೆ ಮುತ್ತು ಕೊಟ್ಟು, "ನೋಡಿ, ಈ ಊರಿನಲ್ಲೆಲ್ಲ ಇದಕ್ಕಿಂತ ಒಳ್ಳೆಯ ಊಟ ಸಿಗಲಿಲ್ಲ" ಎಂದರು. ಯಾರಿಗೂ ತಿಳಿಯಲಿಲ್ಲ. ನಾನು ಹೋದದ್ದೂ ತಿಳಿಯಲಿಲ್ಲ, ಬಂದದ್ದೂ ತಿಳಿಯಲಿಲ್ಲ.

ನೀನು ಊರಿಗೆ ಹಾಕಿದ ಕಾಗದ ಮುಟ್ಟಿದೆ. ಸಾಯಿರಾ ಒಡೆದು ಓದಿದಳು. ಶುಕ್ರವಾರ ಅರ್ಧ ಗಂಟೆ ಮಾಮಾ ಪಕ್ಕದಲ್ಲಿ ಕೂತು ಫೋನು ಕೊಡುತ್ತಾರೆ. ಆಗ ಕೇಳಿದಳು, "ಉಮ್ಮಾ, ನೀವು ಊರಿಗೆ ಬಂದಿದ್ದೀರಂತೆ, ಕಾಗದ ಬಂದಿದೆ. ಎಲ್ಲಿದ್ದೀರಿ? ಯಾರ ಮನೆಯಲ್ಲಿ ಇದ್ದೀರಿ?" ಮಾಮಾನಿಗೆ ಬ್ಯಾರಿ ತಿಳಿಯುವುದಿಲ್ಲ. ಮಗಳ ದನಿ ಕೇಳಿ ನಗುತ್ತಾ ಇದ್ದರು. ನಾನೂ ನಗುತ್ತಲೇ, ಬರಲಿಲ್ಲ ಮಗಳೇ ಎಂದೆ. ಕಾಗದ ಬಂದ ದಿನದಿಂದ ಅವಳು ರಾತ್ರಿ ಗೇಟಿಗೆ ಬೀಗ ಹಾಕಿಸಿರಲಿಲ್ಲವಂತೆ.

ಇಪ್ಪತ್ತೆರಡಕ್ಕೆ ಗಂಡು ಮಗು ಹುಟ್ಟಿದೆ. ಇಬ್ಬರೂ ಕ್ಷೇಮ. ನೀರು ಹಾಕಲು ಪಕ್ಕದ ಮನೆಯವರು ಬರುತ್ತಾರೆ.

ಕುಂಞಿಪಾತುಮ್ಮ

*

ಅಬ್ಬಾಸಿಯಾ
11 ಸೆಪ್ಟೆಂಬರ್

ಪಾತುಮ್ಮಕ್ಕ,

ಕಳೆದ ವಾರ ಬರೆಯಲು ಕೂತೆ. ಆಗಲಿಲ್ಲ.

ಡಬ್ಬಿಯನ್ನು ಅಪ್ಪ ಮೇಜಿನ ಮೇಲೆ ಇಟ್ಟಾಗ ಮುಚ್ಚಳ ತೆರೆಯಲಿಲ್ಲ. ಎತ್ತಿ ನೋಡಿದೆ. ಭಾರ ಇತ್ತು. ಅಮ್ಮ "ಅಬ್ಬಾ, ಪಾತುಮ್ಮಕ್ಕನ ಪುಂಡಿ! ಎಷ್ಟು ದಿನವಾಯಿತು" ಎಂದು ತಟ್ಟೆ ತಂದರು. ನಾನೂ ಅವರ ಜೊತೆ ಕೂತು ತಿಂದೆ. ತಿನ್ನದಿದ್ದರೆ ಕೇಳುತ್ತಿದ್ದರು.

ನಾನು ಹಾಸ್ಟೆಲ್‌ನಲ್ಲಿ ಹನ್ನೆರಡು ವರ್ಷ ಪ್ರತಿ ಭಾನುವಾರ ಇಗರ್ಜಿಗೆ ಹೋದವಳು. ಹೋಟೆಲುಗಳ ಮೆನು ನೋಡಿದೆ, ಹಲಾಲ್ ನೋಡಿದೆ, ಒಲೆಗೆ ಎಷ್ಟು ಬರ್ನರ್ ಎಂದು ಫೋಟೋ ಕೇಳಿ ತರಿಸಿದೆ. ಕಾನ್ಸುಲೇಟಿನ ಸಮಯ ನೋಡಿದೆ. ಕೆಲಸದ ದಿನಗಳು ಎಂದಿತ್ತು. ಅಲ್ಲಿ ಕೆಲಸದ ದಿನ ಯಾವುದು ಎಂದು ನೋಡಲಿಲ್ಲ. ನೀವು ಉಳಿಯುವ ಜಾಗ ಕೇಳಿದಿರಿ, ಅದಕ್ಕೆ ನಾನು ಟೆನ್ಷನ್ ಮಾಡಬೇಡಿ ಎಂದು ಬರೆದೆ.

ಸಾರಿ ಎಂದು ಬರೆದರೆ ಹಾಸ್ಟೆಲ್ಲಿನ ಕಾಗದದ ಹಾಗೆ ಆಗುತ್ತದೆ. ಬರೆಯುವುದಿಲ್ಲ.

ಮುನೀರಾ ಮತ್ತೆ ಕೇಳಿದ್ದಾಳೆ. ಡಿಸೆಂಬರ್ ರಜೆಗೆ ಲಿಯೋನ್ ಅಂತೆ, ಐದು ದಿನ. "ಮಾಮಾ ನಿನ್ನ ಪ್ಲಾನನ್ನು ಎಲ್ಲರಿಗೂ ಹೊಗಳುತ್ತಾರೆ" ಎಂದಳು. ಲಿಯೋನ್‌ನಲ್ಲಿ ನಮ್ಮ ಆಫೀಸು ಇಲ್ಲ, ಆದರೆ ನಮ್ಮ ರಾಯಭಾರ ಕಚೇರಿ ಇರುವ ಪ್ಯಾರಿಸ್‌ಗೆ ರೈಲು ಎರಡು ಗಂಟೆ. ಸೋಮವಾರ, ಮಂಗಳವಾರ ಅವರು ಲಿಯೋನ್‌ನಲ್ಲೇ ಇರುವ ಹಾಗೆ ಮಾಡಬಹುದು. ಮೊದಲು ವಾರ ನೋಡಿದೆ. ನೀವು ಹೂಂ ಎಂದರೆ ಮಾತ್ರ.

ಡೆಲ್ಮಾ

*

ಸಲ್ವಾ
18 ಸೆಪ್ಟೆಂಬರ್

ಡೆಲ್ಮಾ ಮಗಳೇ,

ಡಿಸೆಂಬರಿಗೆ ನನ್ನನ್ನು ಕರೆದುಕೊಂಡು ಹೋಗುವುದಿಲ್ಲ. ಮಾಮಾನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಎತ್ತಲಿಕ್ಕೆ, ಕೂರಿಸಲಿಕ್ಕೆ ನಾನೇ ಬೇಕಂತೆ. ಬೇರೆಯವರ ಕೈ ಅವರಿಗೆ ಹಿಡಿಸುವುದಿಲ್ಲ.

ಮಕ್ಕಳ ಜೊತೆ ಆಲಿವ್ ಹೋಗುತ್ತಾಳೆ. ಮನಿಲಾದ ಕಡೆಯ ಹುಡುಗಿ, ಬಂದು ಒಂದು ತಿಂಗಳು ಆಯಿತು. ಅವಳ ಪಾಸ್‌ಪೋರ್ಟು ನನ್ನದರ ಪಕ್ಕದಲ್ಲಿಯೇ ಇದೆ. ಊರಿನಲ್ಲಿ ಬಿಟ್ಟು ಬಂದ ಮಗುವಿಗೆ ಇನ್ನೂ ಹಲ್ಲು ಬಂದಿಲ್ಲವಂತೆ. ನಾನು ಈರುಳ್ಳಿ ಹೆಚ್ಚುವಾಗ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. ಅವಳು ನನ್ನನ್ನು ಏನೂ ಕೇಳಿಲ್ಲ. ನಾನು ಮೊದಲು ಎರಡು ವರ್ಷ ಯಾರನ್ನೂ ಕೇಳಿರಲಿಲ್ಲ.

ಪೊರ್ಬುಗಳು ಈ ಸಲ ಡಬ್ಬಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಬಟ್ಟೆಯ ಗಂಟು ನೀನು ಹಾಕುವ ಗಂಟು ಅಲ್ಲ. ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಆದರೂ ಕಾಗದ ಒಳಗೇ ಇತ್ತು. ನಿನ್ನ ಅಪ್ಪನಿಗೆ ನನ್ನ ಸಲಾಂ ಹೇಳಬೇಡ, ಅವರಿಗೆ ಕಷ್ಟವಾಗುತ್ತದೆ.

ಡಬ್ಬಿಯಲ್ಲಿ ಇರುವುದು ಬಾಣಂತಿಗೆ ಕೊಡುವ ಮೆಂತೆಯ ಉಂಡೆ. ಮಾಮಾನಿಗೆ ಹೇಳಿ ತುಪ್ಪ, ಬೆಲ್ಲ ತರಿಸಿ ಮಾಡಿದೆ. ಮಾಡಿದ ಮೇಲೆ ಕಳಿಸಲಿಕ್ಕೆ ನನಗೆ ಬೇರೆ ಮನೆ ಇಲ್ಲ. ಕಹಿ ಇದೆ, ನೀನು ತಿನ್ನು.

ಆಲಿವ್‌ಗೆ ಕನ್ನಡ ಬಾರದು. ನಿನ್ನ ಇಂಗ್ಲಿಷಿನಲ್ಲಿಯೇ ಬರೆ, ನಿನಗೂ ಸುಲಭ. ಅವಳ ದೇಶದವರ ಬಾಗಿಲು ಯಾವುದು ಎಂದು ನೋಡು. ವಾರವನ್ನು ನೀನೂ ನೋಡು, ನಾನೂ ನೋಡುತ್ತೇನೆ. ಅವರು ಎಲ್ಲಿ ತಿನ್ನುತ್ತಾರೆ ಎಂಬುದನ್ನು ಕೊನೆಗೆ ಬರೆದರಾಯಿತು, ಹೇಗೂ ಅವರಿಗೆ ರುಚಿಸುವುದಿಲ್ಲ. ದಾರಿಯನ್ನು ಅದಕ್ಕಿಂತ ಮೊದಲು ಬರೆ.

ಎಲ್ಲಕ್ಕಿಂತ ಮೊದಲು, ಕಾಗದದ ಮೇಲಿನ ತುದಿಯಲ್ಲಿ, ಒಬ್ಬ ಹೆಂಗಸು ಒಂದು ರಾತ್ರಿ ಉಳಿಯುವ ಜಾಗ ಬರೆ.

ಇತಿ
ಕುಂಞಿಪಾತುಮ್ಮ